ಪುರ್ಸು ಮಾಮನ ಸುತ್ತಿಗೆ

ಬೋಟುಗಳೆಲ್ಲ ಬೈತಖೋಲದಲ್ಲಿ ದಡ ಹತ್ತಿ ಒಂಬತ್ತು ದಿನ.
ಪುರ್ಸು ಮಾಮ, ತಾಂಡೇಲರ ಕೊನೆಯ ಮಗ,
'ಸಾತೇರಿ ಕೃಪಾ'ದ ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದಾನೆ.
ಕೈಯಲ್ಲಿ ಮುನ್ನೂರು ಗ್ರಾಮಿನ ಸುತ್ತಿಗೆ.
ಟಣ್. ಟಣ್. ಟಣ್.
ಆಮೇಲೆ ಒಮ್ಮೆ, ಟೊಪ್.
ಅಲ್ಲೊಂದು ಸೀಮೆಸುಣ್ಣದ ಗುಣಿಸು ಗುರುತು.
ಮೇಲೆ ನೀಲಿ ಬಣ್ಣ, ಕೈಯಾಡಿಸಿದರೆ ನುಣುಪು.
ಒಳಗೆ ಉಕ್ಕು ಬಿಸ್ಕೀಟಾಗಿದೆ.

ನಾನು ತಾಡಪಾಲಿನ ಕೆಳಗೆ
ಕವುಚಿಟ್ಟ ಮೀನಿನ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ತೆರೆದು
ಇಂದೋರಿನಿಂದ ತಂದ ಗೆರೆ ನೋಡುತ್ತಿದ್ದೇನೆ.
ಬಗ್ಗಿ ಇಣುಕಿದ: "ಕೂರ್ಮಗಡ, ದೇವಗಡ, ಅಂಜದೀವ...
ನಾಲ್ಕನೆಯದು ಯಾವ ನಡುಗಡ್ಡೆ ಗೋ?"

ಹೇಗೆ ಹೇಳಲಿ.
ಎರಡು ಹರಳು, ಮಾಮ. ಎರಡೂ ಆಕ್ಸೈಡು,
ನಿನ್ನ ತುಕ್ಕಿಗೆ ದೂರದ ದಾಯಾದಿಗಳು.
ಎರಡೂ ಕಡುಜಿಪುಣರು,
ಇದರೊಳಗೂ ಕರೆಂಟು ಹರಿಯದು, ಅದರೊಳಗೂ ಇಲ್ಲ.
ಒಂದರ ಮೇಲೆ ಇನ್ನೊಂದನ್ನು ಪದರ ಪದರ ಬೆಳೆಸಿದರೆ
ಮೂರರವರೆಗೆ ಮೌನ.
ನಾಲ್ಕನೇ ಪದರ ಕೂತಿತೋ,
ಎರಡೂ ಕೂಡುವ ಗಡಿಯಲ್ಲಿ ಹರಿಯತೊಡಗುತ್ತದೆ.
ಯಾರ ಮನೆಯ ದುಡ್ಡು ಅದು?
ಇಪ್ಪತ್ತು ವರ್ಷದಿಂದ ಜಗಳ.

ಮೇಲಿನ ಪದರಗಳಲ್ಲಿ ಧನ, ಋಣ, ಧನ, ಋಣ
ಏರಿ ಏರಿ, ಒತ್ತಡ ತಾಳದೆ
ಎಲೆಕ್ಟ್ರಾನು ಗಡಿಗೆ ಇಳಿಯುತ್ತದೆ ಅಂತ ಕೆಲವರು.
ಅಲ್ಲ, ಬೆಳೆಸುವಾಗಲೇ ಎಲ್ಲೋ
ಒಂದು ಆಮ್ಲಜನಕ ಕಳಚಿ ಹೋಗಿದೆ,
ಹೋಗುವಾಗ ಎರಡು ಎಲೆಕ್ಟ್ರಾನು ಬಿಟ್ಟು ಹೋಗಿದೆ ಅಂತ ಕೆಲವರು.
"ಸಾಲ ಬಿಟ್ಟು ಹೋಯಿತೋ, ಗಂಟು ಬಿಟ್ಟು ಹೋಯಿತೋ?"
ಗಂಟು.
"ಹಾಗಾದರೆ ನಮ್ಮ ಕೇರಿಯದಲ್ಲ ಬಿಡು.
ಸರಿ, ಬಿಚ್ಚಿ ನೋಡಬಾರದೇ?"

ಬಿಚ್ಚಿದರೆ ಗಡಿಯೇ ಉಳಿಯದು, ಮಾಮ.
ಮುಚ್ಚಿದ ಹಾಗೇ ಕೇಳಬೇಕು. ಅದಕ್ಕೆ ಎಕ್ಸ್‌ರೇ.
ಶಕ್ತಿಯನ್ನು ಕೂದಲೆಳೆ ಕೂದಲೆಳೆ ಏರಿಸುತ್ತ
ಟೈಟಾನಿಯಂ ಬಾಗಿಲು ಬಡಿಯುವುದು,
ಒಳಗಿನವರು ಎದ್ದು ಯಾವ ಮೆಟ್ಟಿಲಿಗೆ ಹಾರಿದರು,
ಯಾವುದರಲ್ಲಿ ಮೊದಲೇ ಯಾರೋ ಕೂತಿದ್ದರು,
ಹೊರಗೆ ನಿಂತು ಎಣಿಸುವುದು.
"ನಿನ್ನ ಸುತ್ತಿಗೆ ಎಷ್ಟು ತೂಕ?"
ಬೆಳಕಿಗೆ ತೂಕವಿಲ್ಲ.
"ತೂಕವಿಲ್ಲದ್ದು ಬಡಿದರೆ ಯಾರು ಓಗೊಡುತ್ತಾರೆ!"

ಓಗೊಟ್ಟಿತು ಮಾಮ, ಒಂದು ಸಲ.
ಹದಿನಾಲ್ಕು ತಿಂಗಳು ಕಾದು ಸಿಕ್ಕಿದ್ದು ಮೂರು ರಾತ್ರಿ.
ಒಂದನ್ನು ನಿರ್ವಾತದ ಪಂಪು ತಿಂದಿತು.
ಇನ್ನೊಂದರಲ್ಲಿ ಬೆಳಕೇ ಕೈಕೊಟ್ಟಿತು,
ಕ್ಯಾಂಟೀನಿನ ತಣ್ಣನೆ ಪೋಹಾ ಮುಂದೆ ಬೆಳಗಾಯಿತು.
ಮೂರನೆಯದರಲ್ಲಿ, ಮೂರೂವರೆಗೆ,
ಕೂರ್ಮಗಡಕ್ಕೂ ದೇವಗಡಕ್ಕೂ ನಡುವೆ ನೋಡು, ಇಲ್ಲಿ,
ನೀರು ಇಷ್ಟೇ ಇಷ್ಟು ಉಬ್ಬಿದೆ.
ಕೆಳಗೆ ಬಂಡೆ ಇದ್ದ ಹಾಗೆ.

ಅವನು ಬಹಳ ಹೊತ್ತು ನೋಡಿದ.
ಆ ಎರಡು ದ್ವೀಪಗಳ ನಡುವೆ
ಇಳಿತದಲ್ಲೂ ತಲೆ ತೋರದ ಕಲ್ಲು ಯಾವುದೆಂದು
ಚುಕ್ಕಾಣಿ ಹಿಡಿದು ಕಲಿತವನು.
"ಎಷ್ಟು ಸಲ ಬಡಿದೆ?"
ನಲವತ್ತು. ಸದ್ದು ಸಣ್ಣದಿತ್ತು, ಕೂಡಿಸಬೇಕಿತ್ತು.
"ಒಂದೇ ಜಾಗಕ್ಕೆ?"

ಮಳೆ ಬಂದು ಹೋಯಿತು.
"ನನ್ನ ಕೈಯಲ್ಲಿ ಕಲಿತವನೊಬ್ಬ ಇದ್ದ, ಮಾಜಾಳಿಯವನು.
ಸಂಶಯ ಬಂದಲ್ಲೇ ಬಡಿದ, ಬಡಿದ,
ಕಡೆಗೆ ತೂತು ಕಂಡು ಸಂತೋಷಪಟ್ಟ.
ತೂತು ಮಾಡಿದ್ದು ಅವನೇ.
ಸರಿದು ಬಡಿಯಬೇಕು ಗೋ.
ಅಲ್ಲೂ ಅದೇ ಸದ್ದಾದರೆ ಅದು ಕಬ್ಬಿಣದ್ದು.
ಇಲ್ಲದಿದ್ದರೆ ನಿನ್ನ ಕೈಯದು."

ಗೊತ್ತಿತ್ತು ನನಗೆ.
ಎಕ್ಸ್‌ರೇಯೂ ಆಮ್ಲಜನಕವನ್ನು ಕಳಚಬಲ್ಲದು,
ಹುಡುಕಿಕೊಂಡು ಹೋದ ಖಾಲಿಯನ್ನು
ಹುಡುಕುತ್ತಲೇ ಕೊರೆಯಬಲ್ಲದು.
ಪಾಠವನ್ನೂ ಮಾಡಿದ್ದೇನೆ, ಬೋರ್ಡಿನ ಮೇಲೆ ಬರೆದು.
ಆ ಹೊತ್ತಿಗೆ ಕಣ್ಣಲ್ಲಿ ನಿದ್ದೆ, ಎದೆಯಲ್ಲಿ ಉಬ್ಬಿದ ನೀರು.

ನೋಟುಬುಕ್ಕು ತೆಗೆದೆ. ಮೂರನೇ ರಾತ್ರಿಯ ಪುಟ.
ಶಕ್ತಿ, ಕೋನ, ಉಷ್ಣತೆ, ಎಲ್ಲ ಸರಿಯಾಗಿ.
ಮೂರೂವರೆಯ ಸಾಲಿಗೆ ವಾಲಿದ ನನ್ನದೇ ಅಕ್ಷರ:
ಜಾಗ, ಅದೇ.
ಕೆಳಗೆ ಮತ್ತೆ: ಅದೇ. ಅದೇ.

ಅವನು ಎದ್ದು ಬೋಟಿನ ಮಗ್ಗುಲಿಗೆ ಹೋದ.
ಟಣ್, ಎಂದಿತು ಸಾತೇರಿ ಕೃಪಾ.
ಅರ್ಧ ಅಂಗೈ ಆಚೆ ಸರಿದ.
ಟೊಪ್.